ನಿಕ್ಕಲ್-ಮಾಲಿಬ್ಡಿನಂ ಲೇಪ ಚಕ್ಕೆ ಏಳುತ್ತಿದೆ, ಅಳತೆಯೂ ದಿನಕ್ಕೊಂದು ಬರುತ್ತಿದೆ: ತಪ್ಪು ಎಲ್ಲಿ?

ಕೋಡಿಬಾಗ_ರಸಾಯನ (ಕಾರವಾರ)

ಎಲ್ಲರಿಗೂ ನಮಸ್ಕಾರ. ಕ್ಷಾರೀಯ ಎಲೆಕ್ಟ್ರೋಲೈಸರ್‌ನಲ್ಲಿ (ವಿದ್ಯುತ್ ಹರಿಸಿ ನೀರು ಒಡೆಯುವ ಸಾಧನ) ಹೈಡ್ರೋಜನ್ ಬಿಡಿಸುವ ಕ್ಯಾಥೋಡ್‌ಗಾಗಿ (ಋಣ ಎಲೆಕ್ಟ್ರೋಡ್) ನಿಕ್ಕಲ್-ಮಾಲಿಬ್ಡಿನಂ ಮಿಶ್ರಲೋಹದ ಲೇಪ ಮಾಡುತ್ತಿದ್ದೇನೆ. ಎಂ.ಎಸ್ಸಿ. ಪ್ರಾಜೆಕ್ಟ್. ಫರ್ನೇಸ್ ಇಲ್ಲ, ಹಾಗಾಗಿ ಎಲೆಕ್ಟ್ರೋಪ್ಲೇಟಿಂಗ್ ದಾರಿಯನ್ನೇ ಹಿಡಿದಿದ್ದೇನೆ.

ದ್ರಾವಣ: ನಿಕ್ಕಲ್ ಸಲ್ಫೇಟ್ 0.2 ಮೋಲಾರ್, ಸೋಡಿಯಂ ಮಾಲಿಬ್ಡೇಟ್ 0.1 ಮೋಲಾರ್, ಟ್ರೈಸೋಡಿಯಂ ಸಿಟ್ರೇಟ್ 0.2 ಮೋಲಾರ್. ಅಮೋನಿಯಾ ಹಾಕಿ ಪಿಎಚ್ 9.5 ಮಾಡುತ್ತೇನೆ. ಬೆಳಿಗ್ಗೆ ಒಮ್ಮೆ ನೋಡಿಕೊಂಡರೆ ಇಡೀ ದಿನ ಅದೇ ದ್ರಾವಣ. ತಾಮ್ರದ ಪಟ್ಟಿ, ಪ್ರತಿ ಚದರ ಸೆಂ.ಮೀ.ಗೆ 100 ಮಿಲಿಆಂಪ್, ಒಂದು ಗಂಟೆ. ಕಲಕುವುದಿಲ್ಲ.

ತೊಂದರೆಗಳು ಹೀಗಿವೆ. ಲೇಪ ಕಪ್ಪಾಗಿ ಬರುತ್ತದೆ, ಅಂಚಿನಲ್ಲಿ ಬೆರಳಿಟ್ಟರೆ ಮಸಿಯಂತೆ ಹತ್ತುತ್ತದೆ, ಒಣಗಿದ ಮೇಲೆ ಚಕ್ಕೆ ಏಳುತ್ತದೆ. ಹೊರಗೆ ಇಡಿಎಸ್ (ಎಕ್ಸ್-ರೇಯಿಂದ ಧಾತುಗಳ ಪ್ರಮಾಣ ನೋಡುವ ಪರೀಕ್ಷೆ) ಮಾಡಿಸಿದಾಗ ಮಾಲಿಬ್ಡಿನಂ 34 ಪರಮಾಣು ಶೇಕಡಾ ಎಂದು ಬಂತು. ಇಷ್ಟು ಬರಬಾರದು ಎಂದು ಗೈಡ್ ಹೇಳುತ್ತಾರೆ. 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ 10 ಮಿಲಿಆಂಪ್‌ಗೆ ಮೊದಲ ದಿನ 62 ಮಿಲಿವೋಲ್ಟ್ ಓವರ್‌ಪೊಟೆನ್ಶಿಯಲ್ (ಸೈದ್ಧಾಂತಿಕ ಕನಿಷ್ಠಕ್ಕಿಂತ ಹೆಚ್ಚಾಗಿ ಕೊಡಬೇಕಾದ ವೋಲ್ಟೇಜ್), ಅದೇ ಪಟ್ಟಿಗೆ ಮರುದಿನ 140. ರೆಫರೆನ್ಸ್ (ವೋಲ್ಟೇಜನ್ನು ಹೋಲಿಸಿ ಅಳೆಯುವ ಎಲೆಕ್ಟ್ರೋಡ್) ಸಿಲ್ವರ್-ಸಿಲ್ವರ್ ಕ್ಲೋರೈಡ್, ಎದುರಿನ ಎಲೆಕ್ಟ್ರೋಡ್ ಪ್ಲಾಟಿನಂ ತಂತಿ.

ಇನ್ನೊಂದು ವಿಷಯ: ಸಮುದ್ರ ಪಕ್ಕದಲ್ಲೇ ಇದೆ, ಸಮುದ್ರದ ನೀರಿನಲ್ಲೇ ನೇರವಾಗಿ ಹೈಡ್ರೋಜನ್ ಬಿಡಿಸಿ ತೋರಿಸಿ ಎಂದು ಗೈಡ್ ಹೇಳುತ್ತಿದ್ದಾರೆ. ಆಗುವ ಮಾತೇ?

ಘಟ್ಟದ_ಮೇಲಿಂದ (ಶಿರಸಿ)

ಮೊದಲು ದ್ರಾವಣ ಸರಿಮಾಡಿ ಮೇಡಂ, ಅರ್ಧ ತೊಂದರೆ ಅಲ್ಲೇ ಇದೆ.

ನೀರಿನ ದ್ರಾವಣದಿಂದ ಮಾಲಿಬ್ಡಿನಂ ಒಂದನ್ನೇ ಲೋಹವಾಗಿ ಇಳಿಸಲು ಆಗುವುದಿಲ್ಲ. ಮಾಲಿಬ್ಡೇಟ್ ಅರ್ಧಂಬರ್ಧ ಅಪಕರ್ಷಣೆಯಾಗಿ ಕಂದು-ಕಪ್ಪು ಆಕ್ಸೈಡ್ ಆಗಿ ಕೂರುತ್ತದೆ, ಅಲ್ಲಿಗೆ ನಿಲ್ಲುತ್ತದೆ. ನಿಕ್ಕಲ್, ಕೋಬಾಲ್ಟ್, ಕಬ್ಬಿಣ ಇವುಗಳಲ್ಲೊಂದು ಜೊತೆಗೆ ಇಳಿಯುತ್ತಿದ್ದರೆ ಮಾತ್ರ ಅದು ಪೂರ್ತಿ ಲೋಹದ ಸ್ಥಿತಿಗೆ ಬರುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ಸಂಶೋಧಕ ಬ್ರೆನ್ನರ್ ಇದಕ್ಕೆ ಪ್ರೇರಿತ ಸಹನಿಕ್ಷೇಪ ಎಂಬರ್ಥದ ಹೆಸರು ಕೊಟ್ಟರು. 1996-97ರಲ್ಲಿ ಪೊಡ್ಲಾಹಾ ಮತ್ತು ಲ್ಯಾಂಡೋಲ್ಟ್ ಸಿಟ್ರೇಟ್ ದ್ರಾವಣದಲ್ಲಿ ಇದನ್ನು ಬಿಡಿಸಿ ನೋಡಿದರು: ನಿಕ್ಕಲ್-ಸಿಟ್ರೇಟ್-ಮಾಲಿಬ್ಡೇಟ್ ಮೂರೂ ಕೂಡಿದ ಮಧ್ಯವರ್ತಿಯೊಂದು ಎಲೆಕ್ಟ್ರೋಡ್ ಮೇಲ್ಮೈಗೆ ಹತ್ತಿಕೊಂಡು ಕೆಲಸ ಮಾಡುತ್ತದೆ ಎಂಬುದು ಅವರ ಮಾದರಿ. ನಿಮಗೆ ಅದರಿಂದ ಬೇಕಾದ್ದು ಇಷ್ಟು. ದ್ರಾವಣದಲ್ಲಿ ನಿಕ್ಕಲ್ ಧಾರಾಳವಾಗಿದ್ದು ಮಾಲಿಬ್ಡೇಟ್ ಕಡಿಮೆ ಇದ್ದರೆ, ಎಷ್ಟು ಮಾಲಿಬ್ಡಿನಂ ಇಳಿಯುತ್ತದೆ ಎಂಬುದು ಮಾಲಿಬ್ಡೇಟ್ ಮೇಲ್ಮೈಗೆ ಬಂದು ಮುಟ್ಟುವ ವೇಗದ ಮೇಲೆ ನಿಂತಿದೆ. ಕಲಕುವ ವೇಗ ಬದಲಾದರೆ ಲೇಪದ ಸಂಯೋಜನೆಯೂ ಬದಲಾಗುತ್ತದೆ. ಆದ್ದರಿಂದ ಕಲಕದೆ ಮಾಡಿದ ಎರಡು ಪಟ್ಟಿ ಒಂದೇ ಥರ ಬರುವುದು ಕಷ್ಟ.

ನಿಮ್ಮ 0.1 ಮೋಲಾರ್ ಮಾಲಿಬ್ಡೇಟ್ ತೀರಾ ಹೆಚ್ಚು, ಅದಕ್ಕೆ 0.2 ಸಿಟ್ರೇಟ್ ಕಡಿಮೆ. ನಿಕ್ಕಲ್ಲಿಗೂ ಮಾಲಿಬ್ಡೇಟಿಗೂ ಸಿಟ್ರೇಟ್ ಬೇಕು, ಒಟ್ಟು ಲೋಹಕ್ಕಿಂತ ಅದೇ ಹೆಚ್ಚಿರಬೇಕು. ಕಪ್ಪು ಮಸಿ ಬಹುಪಾಲು ಪೂರ್ತಿ ಲೋಹವಾಗದ ಆಕ್ಸೈಡ್.

250 ಮಿ.ಲೀ.ಗೆ ಹೀಗೆ ಮಾಡಿ: ಟ್ರೈಸೋಡಿಯಂ ಸಿಟ್ರೇಟ್ ಡೈಹೈಡ್ರೇಟ್ 22.06 ಗ್ರಾಂ, ನಿಕ್ಕಲ್ ಸಲ್ಫೇಟ್ ಹೆಕ್ಸಾಹೈಡ್ರೇಟ್ 13.14 ಗ್ರಾಂ, ಸೋಡಿಯಂ ಮಾಲಿಬ್ಡೇಟ್ ಡೈಹೈಡ್ರೇಟ್ 1.21 ಗ್ರಾಂ. ಇದು 0.3, 0.2, 0.02 ಮೋಲಾರ್. ಹಾಕುವ ಕ್ರಮವೂ ಇದೇ. ಸಿಟ್ರೇಟ್ ಪೂರ್ತಿ ಕರಗಿದ ಮೇಲೆ ನಿಕ್ಕಲ್, ಕೊನೆಗೆ ಮಾಲಿಬ್ಡೇಟ್. ಸಿಟ್ರೇಟ್ ಇಲ್ಲದೆ ನಿಕ್ಕಲ್-ಮಾಲಿಬ್ಡೇಟ್ ಒಟ್ಟಿಗೆ ಬಿದ್ದರೆ ತಿಳಿಹಸಿರು ನಿಕ್ಕಲ್ ಮಾಲಿಬ್ಡೇಟ್ ಗಸಿಯಾಗಿ ಕೂರುತ್ತದೆ, ಮತ್ತೆ ಕರಗಿಸಲು ಬಹಳ ಹೊತ್ತು ಬೇಕು. ಆಮೇಲೆ ಅಮೋನಿಯಾವನ್ನು ಹನಿಹನಿಯಾಗಿ ಬಿಟ್ಟು ಪಿಎಚ್ 9.5ಕ್ಕೆ ತನ್ನಿ. ಮೀಟರನ್ನು ಬೋರಾಕ್ಸ್ ಬಫರ್ ಕಡೆಯಿಂದ, ಅಂದರೆ 9.18ರಲ್ಲಿ ಸರಿಮಾಡಿಕೊಳ್ಳಿ. ಬರೀ 4 ಮತ್ತು 7ರ ಬಫರ್‌ನಲ್ಲಿ ಸರಿಮಾಡಿದ ಮೀಟರಿನ 9.5 ನಂಬುವಂಥದ್ದಲ್ಲ.

ಅಮೋನಿಯಾ ಹಾರಿಹೋಗುತ್ತದೆ, ಕಾರವಾರದ ಸೆಕೆಯಲ್ಲಂತೂ ಬೇಗ. ಬೆಳಿಗ್ಗೆ 9.5 ಇದ್ದದ್ದು ಮಧ್ಯಾಹ್ನಕ್ಕೆ ಅಷ್ಟೇ ಇರುವುದಿಲ್ಲ. ಬಣ್ಣದಿಂದಲೇ ಅಂದಾಜು ಸಿಗುತ್ತದೆ: ಅಮೋನಿಯಾ ಸಾಕಷ್ಟಿದ್ದಾಗ ದ್ರಾವಣ ನೀಲಿ ಕಡೆ ವಾಲುತ್ತದೆ, ಹಾರಿಹೋದಂತೆ ಹಸಿರಿಗೆ ತಿರುಗುತ್ತದೆ. ಪ್ರತಿ ಪಟ್ಟಿಗೂ ಮುಂಚೆ ಪಿಎಚ್ ನೋಡಿ, ಮಧ್ಯೆ ಮುಚ್ಚಿಡಿ.

ನೀರು ಡಿಸ್ಟಿಲ್ಡೇ ಆಗಬೇಕು. ನಮ್ಮ ಕಡೆ ಚಿರೆಕಲ್ಲು ಬಾವಿಯ ನೀರಿನಲ್ಲಿ ಕಬ್ಬಿಣ ಇರುವುದು ಸಾಮಾನ್ಯ. ನಿಕ್ಕಲ್ ಜೊತೆ ಕಬ್ಬಿಣ ಇದ್ದರೆ ದ್ರಾವಣದಲ್ಲಿರುವ ಪ್ರಮಾಣಕ್ಕಿಂತ ಹೆಚ್ಚಾಗಿ ಲೇಪಕ್ಕೆ ನುಗ್ಗುತ್ತದೆ. ಆಗ ನಿಮ್ಮದು ಎರಡು ಲೋಹದ ಮಿಶ್ರಲೋಹವೇ ಅಲ್ಲ, ಮೂರರದ್ದು.

ಪಟ್ಟಿಯ ತಯಾರಿ: 600, ಆಮೇಲೆ 1200 ನಂಬರಿನ ಎಮೆರಿ ಕಾಗದ, ಅಸಿಟೋನ್, ನಂತರ ಶೇ. 10ರ ಸಲ್ಫ್ಯೂರಿಕ್ ಆಮ್ಲದಲ್ಲಿ 30 ಸೆಕೆಂಡು, ಡಿಸ್ಟಿಲ್ಡ್ ನೀರು. ಎತ್ತಿ ಹಿಡಿದಾಗ ನೀರಿನ ಪರದೆ ಒಡೆಯದೆ ನಿಂತರೆ ಜಿಡ್ಡು ಹೋಗಿದೆ ಎಂದರ್ಥ, ಹನಿಯಾಗಿ ಒಡೆದರೆ ಮತ್ತೆ ಮೊದಲಿಂದ. ಒಣಗಲು ಬಿಡಬೇಡಿ, ಒದ್ದೆಯಿರುವಾಗಲೇ ಕರೆಂಟ್ ಹಚ್ಚಿಕೊಂಡೇ ಇಳಿಸಿ. ಸ್ಟೀಲ್ ಪಟ್ಟಿಗಾದರೆ ಇಷ್ಟು ಸಾಲದು, ಅದರ ಮೇಲಿನ ಪೊರೆ ಹೋಗಲು ವುಡ್ಸ್ ಸ್ಟ್ರೈಕ್ (ಆಮ್ಲೀಯ ದ್ರಾವಣದಲ್ಲಿ ಮೊದಲು ಕೊಡುವ ತೆಳು ನಿಕ್ಕಲ್ ಪದರ) ಬೇಕು: ಲೀಟರಿಗೆ ನಿಕ್ಕಲ್ ಕ್ಲೋರೈಡ್ 240 ಗ್ರಾಂ, ಗಾಢ ಹೈಡ್ರೋಕ್ಲೋರಿಕ್ ಆಮ್ಲ 125 ಮಿ.ಲೀ., ಚದರ ಸೆಂ.ಮೀ.ಗೆ 50 ಮಿಲಿಆಂಪ್‌ನಲ್ಲಿ ಎರಡು ನಿಮಿಷ, ಫ್ಯೂಮ್ ಹುಡ್ ಒಳಗೆ. ಆಮೇಲೆ ಚೆನ್ನಾಗಿ ತೊಳೆಯಿರಿ.

ಪ್ಲೇಟಿಂಗ್: ಚದರ ಸೆಂ.ಮೀ.ಗೆ 50 ಮಿಲಿಆಂಪ್, 20 ನಿಮಿಷ, 30 ಡಿಗ್ರಿ, ಮ್ಯಾಗ್ನೆಟಿಕ್ ಸ್ಟಿರರ್ ಪ್ರತಿ ಸಲವೂ ಒಂದೇ ವೇಗದಲ್ಲಿ. ಪಟ್ಟಿಯ ಎರಡೂ ಕಡೆ ನಿಕ್ಕಲ್ ಹಾಳೆಯ ಆನೋಡ್ ಇಡಿ. ಒಂದೇ ಕಡೆ ಇದ್ದರೆ ಕರೆಂಟ್ ಅಂಚಿಗೆ ಸುತ್ತಿಬಂದು ಅಲ್ಲೇ ಸುಡುತ್ತದೆ, ನೀವು ಹೇಳಿದ ಅಂಚಿನ ಮಸಿ ಅದೇ. ಬೇಡದ ಭಾಗಕ್ಕೆ ಎಪಾಕ್ಸಿ ಹಚ್ಚಿ.

ಒಂದು ಗಂಟೆ ಏಕೆ ಬೇಡ ಎಂಬುದಕ್ಕೆ ಲೆಕ್ಕ ಹಾಕಿ ನೋಡೋಣ. ನಿಕ್ಕಲ್‌ಗೆ ಪರಮಾಣುವಿಗೆ 2 ಎಲೆಕ್ಟ್ರಾನ್, ಮಾಲಿಬ್ಡೇಟ್‌ಗೆ 6. ಲೇಪದಲ್ಲಿ 20 ಪರಮಾಣು ಶೇಕಡಾ ಮಾಲಿಬ್ಡಿನಂ ಇದ್ದರೆ (ತೂಕದಲ್ಲಿ ಅದು ಶೇ. 29), ಸರಾಸರಿ 2.8 ಎಲೆಕ್ಟ್ರಾನ್, ಸರಾಸರಿ ಪರಮಾಣು ತೂಕ 66.1. ಅಂದರೆ ಒಂದು ಕೂಲಂಬಿಗೆ ಗರಿಷ್ಠ 0.245 ಮಿ.ಗ್ರಾಂ. ನಿಮ್ಮ 100 ಮಿಲಿಆಂಪ್ ಒಂದು ಗಂಟೆ ಎಂದರೆ 360 ಕೂಲಂಬ್, 88 ಮಿ.ಗ್ರಾಂ. ಅದರ ಶೇ. 30 ಮಾತ್ರ ಲೋಹಕ್ಕೆ ಹೋಗಿ ಉಳಿದದ್ದು ಹೈಡ್ರೋಜನ್ ಆದರೂ ಲೇಪ ಸುಮಾರು 29 ಮೈಕ್ರಾನ್ ದಪ್ಪ. ಈ ಲೇಪದೊಳಗೆ ಎಳೆತ ಬಹಳ. ಇಳಿಯುವಾಗ ಒಳಗೆ ಸಿಕ್ಕಿದ ಹೈಡ್ರೋಜನ್ ಆಮೇಲೆ ಹೊರಬಂದಂತೆ ಲೇಪ ಕುಗ್ಗುತ್ತದೆ. ತೆಳುವಿದ್ದರೆ ಸೂಕ್ಷ್ಮ ಬಿರುಕಿನಲ್ಲಿ ಮುಗಿಯುತ್ತದೆ, ದಪ್ಪವಿದ್ದರೆ ಬೇಸಿಗೆಯ ಗದ್ದೆಯಂತೆ ಬಾಯಿಬಿಟ್ಟು ಚಕ್ಕೆ ಏಳುತ್ತದೆ. ನಾನು ಹೇಳಿದ 20 ನಿಮಿಷಕ್ಕೆ 60 ಕೂಲಂಬ್, ಗರಿಷ್ಠ 14.7 ಮಿ.ಗ್ರಾಂ. ತಕ್ಕಡಿ 5.9 ತೋರಿಸಿದರೆ ದಕ್ಷತೆ ಶೇ. 40, ದಪ್ಪ 6 ಮೈಕ್ರಾನ್ ಚಿಲ್ಲರೆ.

ಪ್ರತಿ ಪಟ್ಟಿಯನ್ನೂ ಮುಂಚೆ ಒಮ್ಮೆ, ಆಮೇಲೆ ಒಮ್ಮೆ 0.1 ಮಿ.ಗ್ರಾಂ. ತಕ್ಕಡಿಯಲ್ಲಿ ತೂಗಿ. ಹೊರಗಿನ ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಫೋಟೋಗಿಂತ ಈ ಎರಡು ಅಂಕಿ ಹೆಚ್ಚು ಹೇಳುತ್ತವೆ. ಒಂದೇ ಕ್ರಮದ ಪಟ್ಟಿಗಳಲ್ಲಿ ದಕ್ಷತೆ ಏಕಾಏಕಿ ಇಳಿದರೆ ಮೊದಲು ಪಿಎಚ್ ನೋಡಿ.

250 ಮಿ.ಲೀ. ದ್ರಾವಣದಲ್ಲಿ ಮಾಲಿಬ್ಡಿನಂ ಇರುವುದು 480 ಮಿ.ಗ್ರಾಂ. ಒಂದು ಚದರ ಸೆಂ.ಮೀ. ಲೇಪ 1.7 ಮಿ.ಗ್ರಾಂ. ಒಯ್ಯುತ್ತದೆ. 25-28 ಚದರ ಸೆಂ.ಮೀ. ಆಗುವಷ್ಟರಲ್ಲಿ ಹತ್ತನೇ ಒಂದು ಪಾಲು ಖಾಲಿ. ಅಲ್ಲಿಗೆ ಹೊಸ ದ್ರಾವಣ ಮಾಡಿ.

ಹಳೆಯದನ್ನು ಸಿಂಕಿಗೆ ಚೆಲ್ಲಬೇಡಿ, ಅದು ಕೊನೆಗೆ ಸೇರುವುದು ಕಾಳಿ ಅಳಿವೆಗೇ. ಸುಣ್ಣ ಹಾಕಿ ನಿಕ್ಕಲ್ ಕೂರಿಸುತ್ತೇನೆ ಎಂದರೂ ಸಿಟ್ರೇಟ್ ಮತ್ತು ಅಮೋನಿಯಾ ಅದನ್ನು ದ್ರಾವಣದಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ಕ್ಯಾನಿನಲ್ಲಿ ಕೂಡಿಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಅಪಾಯಕಾರಿ ತ್ಯಾಜ್ಯದವರಿಗೆ ಕೊಡಿ. ಪ್ಲೇಟಿಂಗ್ ವೇಳೆ ಗುಳ್ಳೆ ಒಡೆದು ಏಳುವ ಸಣ್ಣ ತುಂತುರಿನಲ್ಲೂ ನಿಕ್ಕಲ್ ಇರುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಹುಡ್ ಒಳಗೇ ಮಾಡಿ.

ಅಘನಾಶಿನಿ_ದಡ (ಕುಮಟಾ)

34 ಶೇಕಡಾ ಬಗ್ಗೆ. ಇಡಿಎಸ್‌ನಲ್ಲಿ ಮಾಲಿಬ್ಡಿನಂನ ಎಲ್-ಆಲ್ಫಾ ಗೆರೆ 2.293 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಗಂಧಕದ ಕೆ-ಆಲ್ಫಾ 2.307ರಲ್ಲಿ. ಇಡಿಎಸ್ ಇವೆರಡನ್ನೂ ಬೇರೆಬೇರೆಯಾಗಿ ಕಾಣಲಾರದು. ನಿಮ್ಮ ದ್ರಾವಣ ಸಲ್ಫೇಟಿನದ್ದು, ಲೇಪ ಬಿರುಕುಬಿಟ್ಟದ್ದು. ಬಿರುಕಿನಲ್ಲಿ ಉಳಿದ ಸಲ್ಫೇಟೆಲ್ಲ ಮಾಲಿಬ್ಡಿನಂ ಲೆಕ್ಕಕ್ಕೆ ಸೇರಿರುತ್ತದೆ. ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ, ಐದೈದು ನಿಮಿಷ ನೆನೆಸಿ ತೊಳೆದ ಮೇಲೆ ಕಳಿಸಿ. ಇಡಿಎಸ್ ವರದಿಯಲ್ಲಿ ಆಮ್ಲಜನಕ ಎಷ್ಟು ಬಂದಿದೆ ಎಂಬುದನ್ನೂ ಕೇಳಿ ಬರೆಸಿಕೊಳ್ಳಿ. ಮಾಲಿಬ್ಡಿನಂ ಹೆಚ್ಚು, ಜೊತೆಗೆ ಆಮ್ಲಜನಕವೂ ಹೆಚ್ಚು ಇದ್ದರೆ ಮೇಲೆ ಹೇಳಿದ ಆಕ್ಸೈಡ್ ಅದು, ಮಿಶ್ರಲೋಹವಲ್ಲ.

ಕಾಲೇಜಿನಲ್ಲೇ ಆಗುವ ಪರೀಕ್ಷೆ ಬೇಕೆಂದರೆ ಹಳೆಯ ತೂಕದ ವಿಧಾನ ಚೆನ್ನಾಗಿದೆ. ತಾಮ್ರದ ಬದಲು ಸ್ಟೀಲ್ ಪಟ್ಟಿಯ ಮೇಲೆ 2 ಚದರ ಸೆಂ.ಮೀ. ಲೇಪ ಮಾಡಿ, ಒಂದಕ್ಕೊಂದು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ. ತಾಮ್ರವಾದರೆ ಅದೂ ಕರಗಿ ಅಡ್ಡಬರುತ್ತದೆ, 304 ಸ್ಟೀಲ್ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಸ್ವಲ್ಪ ಟಾರ್ಟರಿಕ್ ಆಮ್ಲ ಹಾಕಿ (ಸ್ಟೀಲಿನಿಂದ ಬಂದ ಚೂರುಪಾರು ಕಬ್ಬಿಣವನ್ನು ಹಿಡಿದಿಡಲು), ಬಿಸಿ ಮಾಡಿ, ಡೈಮಿಥೈಲ್‌ಗ್ಲೈಆಕ್ಸೈಮ್ (ನಿಕ್ಕಲ್ಲನ್ನು ಗಸಿಯಾಗಿ ಕೂರಿಸುವ ಕಾರಕ) ಸೇರಿಸಿ, ಅಮೋನಿಯಾದಿಂದ ಕ್ಷಾರ ಮಾಡಿ. ಕುಂಕುಮದಂಥ ಕೆಂಪು ಗಸಿ ಬರುತ್ತದೆ. ಸೋಸಿ, ಒಣಗಿಸಿ, ತೂಕವನ್ನು 0.2032ರಿಂದ ಗುಣಿಸಿದರೆ ನಿಕ್ಕಲ್. 11.8 ಮಿ.ಗ್ರಾಂ. ಲೇಪದಲ್ಲಿ ಶೇ. 71 ನಿಕ್ಕಲ್ ಇದ್ದರೆ ಗಸಿ ಸುಮಾರು 41 ಮಿ.ಗ್ರಾಂ. ಬರಬೇಕು, ತೂಗಲು ಧಾರಾಳ. ಮಾಲಿಬ್ಡಿನಂಗೆ ಥಯೋಸಯನೇಟ್ ಬಣ್ಣದ ವಿಧಾನ, 470 ನ್ಯಾನೋಮೀಟರ್ ಆಸುಪಾಸು. ಎರಡೂ ಕೂಡಿ ಲೇಪದ ತೂಕಕ್ಕೆ ಹತ್ತಿರ ಬಂದರೆ ಸಂಯೋಜನೆ ಖಾತ್ರಿ. ಗಣನೀಯವಾಗಿ ಕಡಿಮೆ ಬಂದರೆ ಉಳಿದದ್ದು ಆಮ್ಲಜನಕ ಅಥವಾ ಸಿಕ್ಕಿಬಿದ್ದ ಲವಣ.

ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಮಾಡಿಸುವಿರಾದರೆ ನಿಕ್ಕಲ್ ಫೋಮ್ ಮೇಲಿನ ಲೇಪವನ್ನು ಕಳಿಸಬೇಡಿ. ಫೋಮಿನದೇ 44.5, 51.8, 76.4 ಡಿಗ್ರಿಯ ಶಿಖರಗಳು ಎದ್ದು ನಿಂತು ಲೇಪದ್ದನ್ನು ನುಂಗುತ್ತವೆ. ತಾಮ್ರದ ಮೇಲೆ ಸರಿ, ಅದರ ಶಿಖರಗಳು 43.3 ಮತ್ತು 50.4ರಲ್ಲಿ. ಮಾಲಿಬ್ಡಿನಂ ಪರಮಾಣು ನಿಕ್ಕಲ್ಲಿಗಿಂತ ದೊಡ್ಡದು, ಜಾಲರದೊಳಗೆ ಕೂತಾಗ ನಿಕ್ಕಲ್ ಶಿಖರ 44.5ರಿಂದ ಕೆಳಕೋನಕ್ಕೆ ಜರುಗುತ್ತದೆ, ಅಗಲವೂ ಆಗುತ್ತದೆ. ಹಾಗೆ ಜರುಗಿದ ಶಿಖರ ತಾಮ್ರದ 43.3ರ ಪಕ್ಕಕ್ಕೇ ಬರುವುದರಿಂದ ನಿಧಾನ ಸ್ಕ್ಯಾನ್ ಕೇಳಿ. ಜರುಗದೆ ಅಲ್ಲೇ ನಿಂತಿದ್ದರೆ ಇಡಿಎಸ್ ಏನೇ ಹೇಳಲಿ, ಮಾಲಿಬ್ಡಿನಂ ಜಾಲರದೊಳಗೆ ಹೋಗಿಲ್ಲ.

ಈ ಲೇಪದಲ್ಲಿ ನಿಕ್ಕಲ್-4-ಮಾಲಿಬ್ಡಿನಂ ಎಂಬ ಕ್ರಮಬದ್ಧ ಸಂಯುಕ್ತ ಹುಡುಕಬೇಡಿ. ಅದು ಕಾಯಿಸಿ ನಿಧಾನಕ್ಕೆ ತಣಿಸಿದ ಮಿಶ್ರಲೋಹದಲ್ಲಿ ಬರುವಂಥದ್ದು. ಕೋಣೆಯ ಉಷ್ಣತೆಯಲ್ಲಿ ಇಳಿದದ್ದು ಸಣ್ಣ ಕಣಗಳ ಘನದ್ರಾವಣ, ಮಾಲಿಬ್ಡಿನಂ ಇನ್ನೂ ಹೆಚ್ಚಿದರೆ ಆಕಾರವಿಲ್ಲದ್ದು.

ಕಾಳಿ_ಸಂಗಮ (ಸದಾಶಿವಗಡ)

62 ಮತ್ತು 140, ಎರಡನ್ನೂ ಪಕ್ಕಕ್ಕಿಡಿ. 1 ಮೋಲಾರ್ ಕ್ಷಾರದಲ್ಲಿ ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಇಡಬಾರದು. ಹೈಡ್ರಾಕ್ಸೈಡ್ ಒಳಗೆ ನುಸುಳಿ ಸಿಲ್ವರ್ ಆಕ್ಸೈಡ್ ಆಗುತ್ತದೆ, ತುದಿಯ ಗಾಜಿನ ಬಿರಡೆಯನ್ನು ಕ್ಷಾರ ತಿನ್ನುತ್ತದೆ, ಒಳಗಿನ ಕ್ಲೋರೈಡ್ ಹೊರಗೆ ಸೋರುತ್ತದೆ. ಹತ್ತಾರು ಮಿಲಿವೋಲ್ಟ್ ಅಲ್ಲೇ ಜಾರುತ್ತದೆ. ಅದರ ಮೇಲೆ ಪಿಎಚ್ 14 ಎಂದು ಹಿಡಿದು ಲೆಕ್ಕ ಹಾಕಿ, ನಿಜ 13.8 ಇದ್ದರೆ ಇನ್ನೂ 12 ಮಿಲಿವೋಲ್ಟ್ ತಪ್ಪು. ಲೇಪ ಕೆಟ್ಟಿದೆಯೋ ರೆಫರೆನ್ಸ್ ಜಾರಿದೆಯೋ ಎಂದು ಈಗ ಹೇಳಲು ದಾರಿಯೇ ಇಲ್ಲ.

ಪಾದರಸ-ಪಾದರಸದ ಆಕ್ಸೈಡ್ ರೆಫರೆನ್ಸ್ ತರಿಸಿ. ಅದರೊಳಗೂ ಸೆಲ್‌ನಲ್ಲಿರುವ 1 ಮೋಲಾರ್ ದ್ರಾವಣವನ್ನೇ ತುಂಬಿ. ಆಗ 25 ಡಿಗ್ರಿಯಲ್ಲಿ ಅಳೆದ ವೋಲ್ಟೇಜಿಗೆ 0.926 ಕೂಡಿಸಿದರೆ ಹೈಡ್ರೋಜನ್ ಮಾಪಕದ (ಅದೇ ದ್ರಾವಣದಲ್ಲಿನ ಹೈಡ್ರೋಜನ್ ಎಲೆಕ್ಟ್ರೋಡ್‌ಗೆ ಹೋಲಿಸಿದ) ಮೌಲ್ಯ. ಒಳಗೂ ಹೊರಗೂ ಒಂದೇ ಕ್ಷಾರವಿದ್ದರೆ ಪಿಎಚ್ ಎಷ್ಟೆಂಬ ಪ್ರಶ್ನೆಯೇ ಬರುವುದಿಲ್ಲ, ಎರಡೂ ಕಡೆ ಸಮನಾಗಿ ಕಳೆದುಹೋಗುತ್ತದೆ. ಆದರೂ ವಾರಕ್ಕೊಮ್ಮೆ ಪರೀಕ್ಷಿಸಿ: ದ್ರಾವಣಕ್ಕೆ ಹೈಡ್ರೋಜನ್ ಗುಳ್ಳೆ ಬಿಡುತ್ತ, ಶುದ್ಧ ಪ್ಲಾಟಿನಂ ತಂತಿ ಮತ್ತು ರೆಫರೆನ್ಸ್ ನಡುವೆ ಕರೆಂಟಿಲ್ಲದೆ ವೋಲ್ಟೇಜ್ ನೋಡಿ. 0.92-0.93 ನಿಂತರೆ ಸರಿ.

ಆ ಪ್ಲಾಟಿನಂ ತಂತಿಯನ್ನು ಪರೀಕ್ಷೆ ಮುಗಿದೊಡನೆ ಹೊರತೆಗೆಯಿರಿ, ಎದುರಿನ ಎಲೆಕ್ಟ್ರೋಡ್ ಆಗಿ ಮಾತ್ರ ಇಡಬೇಡಿ. ಆನೋಡ್ ಆಗಿ ದುಡಿಯುವ ಪ್ಲಾಟಿನಂ ಕಣ್ಣಿಗೆ ಕಾಣದಷ್ಟು ಕರಗಿ ನಿಮ್ಮ ಲೇಪದ ಮೇಲೆ ಬಂದು ಕೂರುತ್ತದೆ. ಹೈಡ್ರೋಜನ್ ಬಿಡಿಸುವುದರಲ್ಲಿ ಅದು ಬಹಳ ಚುರುಕು. ಕೊನೆಗೆ ನೀವು ಅಳೆದದ್ದು ನಿಕ್ಕಲ್-ಮಾಲಿಬ್ಡಿನಂ ಅಲ್ಲ, ಪ್ಲಾಟಿನಂ. ಕ್ಷಾರದಲ್ಲಿ ನಿಕ್ಕಲ್ ಜಾಲರಿ ಆನೋಡ್ ಆಗಿ ಚೆನ್ನಾಗಿ ತಾಳುತ್ತದೆ, ಅದನ್ನೇ ಹಾಕಿ.

ದ್ರಾವಣದ ರೋಧ ಕಳೆಯದೆ ಓವರ್‌ಪೊಟೆನ್ಶಿಯಲ್ ಬರೆಯಬೇಡಿ. ಇಂಪೀಡೆನ್ಸ್ ಅಳತೆಯಲ್ಲಿ (ಬೇರೆಬೇರೆ ಆವರ್ತನದ ಎಸಿ ಕೊಟ್ಟು ರೋಧ ನೋಡುವುದು) ಹೆಚ್ಚಿನ ಆವರ್ತನದ ಕಡೆ ಗೆರೆ ಅಡ್ಡರೇಖೆಯನ್ನು ಕಡಿಯುವ ಜಾಗವೇ ಆ ರೋಧ. 1.3 ಓಮ್ ಎಂದಿಟ್ಟುಕೊಳ್ಳಿ: 10 ಮಿಲಿಆಂಪ್‌ಗೆ 13 ಮಿಲಿವೋಲ್ಟ್, 100 ಮಿಲಿಆಂಪ್‌ಗೆ 130. ಕಡಿಮೆ ಕರೆಂಟಿನಲ್ಲಿ ಗೊತ್ತಾಗದ ತಪ್ಪು ಹೆಚ್ಚಿನಲ್ಲಿ ಇಡೀ ಫಲಿತಾಂಶವನ್ನೇ ಮುಳುಗಿಸುತ್ತದೆ. ಟಾಫೆಲ್ ಇಳಿಜಾರನ್ನು (ಕರೆಂಟ್ ಹತ್ತು ಪಟ್ಟಾಗಲು ಹೆಚ್ಚು ಬೇಕಾಗುವ ವೋಲ್ಟೇಜ್) ವೇಗದ ಸ್ಕ್ಯಾನಿನಿಂದ ತೆಗೆಯಬೇಡಿ. ಒಂದೊಂದು ಕರೆಂಟಿನಲ್ಲಿ ಐದು ನಿಮಿಷ ನಿಲ್ಲಿಸಿ, ನೆಲೆನಿಂತ ಅಂಕಿ ಬರೆದುಕೊಳ್ಳಿ. ದಶಕಕ್ಕೆ 120 ಮಿಲಿವೋಲ್ಟ್ ಆಸುಪಾಸು ಬಂದರೆ ನೀರು ಒಡೆದು ಹೈಡ್ರೋಜನ್ ಪರಮಾಣು ಹತ್ತುವ ಮೊದಲ ಹೆಜ್ಜೆಯೇ ನಿಧಾನ, 40 ಆಸುಪಾಸಾದರೆ ಎರಡನೆಯದು. ರೋಧ ಕಳೆಯದಿದ್ದರೆ ಈ ಇಳಿಜಾರೂ ಸುಳ್ಳೇ.

ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಗುಳಿಗೆಯಲ್ಲಿ ಸುಮಾರು ಶೇ. 15 ನೀರೇ ಇರುತ್ತದೆ. 1 ಮೋಲಾರಿಗೆ ಲೀಟರಿಗೆ 56 ಗ್ರಾಂ ಅಲ್ಲ, 66 ಗ್ರಾಂ. ಮಳೆಗಾಲದಲ್ಲಿ ಇಲ್ಲಿ ಬಾಟಲಿ ಮುಚ್ಚಳ ತೆಗೆದು ತೂಗುವಷ್ಟರಲ್ಲೇ ಗುಳಿಗೆ ಬೆವರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರಿ ಕಾರ್ಬೊನೇಟ್ ಆಗುತ್ತದೆ. ಪ್ರಮಾಣಿತ ಆಮ್ಲಕ್ಕೆ ಮೊದಲು ಫಿನಾಲ್ಫ್ತಲೀನ್, ಮುಂದುವರಿಸಿ ಮೀಥೈಲ್ ಆರೆಂಜ್ ಹಾಕಿ ಟೈಟ್ರೇಟ್ ಮಾಡಿದರೆ ಹೈಡ್ರಾಕ್ಸೈಡ್ ಎಷ್ಟು, ಕಾರ್ಬೊನೇಟ್ ಎಷ್ಟು ಎರಡೂ ಸಿಗುತ್ತವೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಮರುದಿನ ಕೆಟ್ಟರೆ ಕಾರಣ ಲೇಪದಲ್ಲಿದೆ. ರಾತ್ರಿ ಪಟ್ಟಿಯನ್ನು ಕರೆಂಟಿಲ್ಲದೆ ಕ್ಷಾರದಲ್ಲೇ ಬಿಟ್ಟಿದ್ದೀರಾ? ಕ್ಯಾಥೋಡ್ ಆಗಿರುವಷ್ಟು ಹೊತ್ತು ಅದಕ್ಕೆ ರಕ್ಷಣೆ ಇದೆ. ಕರೆಂಟ್ ನಿಂತೊಡನೆ ವೋಲ್ಟೇಜ್ ಮೇಲೇರಿ ಮಾಲಿಬ್ಡಿನಂ ಮತ್ತೆ ಮಾಲಿಬ್ಡೇಟ್ ಆಗಿ ಕರಗುತ್ತದೆ, ನಿಕ್ಕಲ್ ಮೇಲೆ ಹೈಡ್ರಾಕ್ಸೈಡ್ ಪೊರೆ ಕಟ್ಟುತ್ತದೆ. ಮಾಲಿಬ್ಡೇಟ್‌ಗೆ ಬಣ್ಣವಿಲ್ಲ, ಬೀಕರ್ ನೋಡಿದರೆ ತಿಳಿಯುವುದಿಲ್ಲ. ಆ ಕ್ಷಾರವನ್ನೇ ಆಮ್ಲೀಯ ಮಾಡಿ ಥಯೋಸಯನೇಟ್ ಪರೀಕ್ಷೆಗೆ ಹಾಕಿ. ಸೌರಫಲಕಕ್ಕೆ ಜೋಡಿಸುವ ಎಲೆಕ್ಟ್ರೋಲೈಸರ್ ದಿನವೂ ಹೀಗೆ ನಿಲ್ಲುತ್ತದೆ, ಆಷಾಢದ ಮೋಡದಲ್ಲಂತೂ ಗಂಟೆಗೆ ಹತ್ತು ಸಲ. ಜೋಡಿಸಿಟ್ಟ ಸೆಲ್‌ಗಳಲ್ಲಿ ನಿಂತ ಕೂಡಲೇ ಉಲ್ಟಾ ಕರೆಂಟ್ ಬೇರೆ ಹರಿಯುತ್ತದೆ. ಹಾಗಾಗಿ 100 ಮಿಲಿಆಂಪ್‌ನಲ್ಲಿ ಸತತ 24 ಗಂಟೆ ಓಡಿಸಿ ಸ್ಥಿರ ಎನ್ನುವುದಕ್ಕಿಂತ, 30 ನಿಮಿಷ ಓಡಿಸಿ 10 ನಿಮಿಷ ನಿಲ್ಲಿಸುವ ಸುತ್ತನ್ನು 20 ಸಲ ಮಾಡಿ, ಪ್ರತಿ ಸುತ್ತಿನ ಓವರ್‌ಪೊಟೆನ್ಶಿಯಲ್ ಬರೆಯಿರಿ. ಪ್ರಾಜೆಕ್ಟಿಗೆ ನಿಜವಾದ ತೂಕ ಬರುವುದು ಈ ಗ್ರಾಫಿನಿಂದ.

ಏಕಿಷ್ಟು ಒತ್ತಿ ಹೇಳುತ್ತೇನೆ ಎಂದರೆ, ಒಂದು ಕಿಲೋ ಹೈಡ್ರೋಜನ್‌ಗೆ 26,590 ಆಂಪಿಯರ್-ಗಂಟೆ ಬೇಕೇ ಬೇಕು. ಕ್ಯಾಥೋಡಿನಲ್ಲಿ 100 ಮಿಲಿವೋಲ್ಟ್ ಉಳಿಸಿದರೆ ಕಿಲೋಗೆ 2.66 ಯುನಿಟ್ ವಿದ್ಯುತ್ ಉಳಿಯುತ್ತದೆ. ಅಳತೆಯಲ್ಲಿ 80 ಮಿಲಿವೋಲ್ಟ್ ಜಾರಿದರೆ ಆ ಉಳಿತಾಯದ ಮಾತೇ ಹೋಯಿತು.

ಕೋಡಿಬಾಗ_ರಸಾಯನ

ಎಲ್ಲರಿಗೂ ತುಂಬಾ ಧನ್ಯವಾದ. ಹೌದು ಸರ್, ರಾತ್ರಿ ಕ್ಷಾರದಲ್ಲೇ ಬಿಟ್ಟಿದ್ದೆ. ಸಿಲ್ವರ್ ಕ್ಲೋರೈಡ್ ರೆಫರೆನ್ಸನ್ನು ಇವತ್ತೇ ತೆಗೆದಿಟ್ಟೆ. ಎರಡು ಸಂದೇಹ ಉಳಿದಿವೆ. ಪ್ಲೇಟಿಂಗ್ ನಡುವೆ ಕರೆಂಟ್ ಹೋದರೆ ಬಂದಾಗ ಅದೇ ಪಟ್ಟಿ ಮುಂದುವರಿಸಬಹುದೇ? ಮಳೆ ಶುರುವಾದ ಮೇಲೆ ದಿನಕ್ಕೆ ಮೂರು-ನಾಲ್ಕು ಸಲ ಹೋಗುತ್ತಿದೆ. ಮತ್ತೆ ಸಮುದ್ರದ ನೀರಿನದ್ದು?

ಘಟ್ಟದ_ಮೇಲಿಂದ

ಮುಂದುವರಿಸಬೇಡಿ. ಕರೆಂಟ್ ನಿಂತ ನಿಮಿಷಗಳಲ್ಲೇ ಲೇಪದ ಮೇಲೆ ತೆಳು ಪೊರೆ ಕಟ್ಟುತ್ತದೆ, ಅದರ ಮೇಲೆ ಇಳಿದ ಎರಡನೇ ಪದರ ಹಿಡಿಯುವುದಿಲ್ಲ. ಚಕ್ಕೆ ಎದ್ದಾಗ ಕೆಳಗೆ ತಾಮ್ರ ಕಾಣದೆ ಬೂದು ಲೋಹವೇ ಕಂಡರೆ ಇದೇ ಕಾರಣ ಎಂದು ತಿಳಿಯಿರಿ. ತಾಮ್ರ ಕಂಡರೆ ತೊಳೆದದ್ದು ಸಾಲದು.

ಬೇಕಿರುವುದು ಬರೀ 100 ಮಿಲಿಆಂಪ್ (2 ಚದರ ಸೆಂ.ಮೀ.ಗೆ). 12 ವೋಲ್ಟಿನ ಬ್ಯಾಟರಿ, ಎಲ್‌ಎಂ 317 ಐಸಿ ಸಾಕು. ಐಸಿಯ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 12.5 ಓಮ್ ಹಾಕಿ, ಅಡ್ಜಸ್ಟ್ ಕಾಲಿನಿಂದ ಆನೋಡಿಗೆ ತಂತಿ, ಕ್ಯಾಥೋಡಿನಿಂದ ಬ್ಯಾಟರಿಯ ಮೈನಸ್‌ಗೆ. 1.25 ವೋಲ್ಟನ್ನು 12.5ರಿಂದ ಭಾಗಿಸಿದರೆ 100 ಮಿಲಿಆಂಪ್, ಸೆಲ್‌ನ ವೋಲ್ಟೇಜ್ ಏರಿದರೂ ಇಳಿದರೂ ಅಷ್ಟೇ ಹರಿಯುತ್ತದೆ. 12.5 ಸಿಗದಿದ್ದರೆ 25 ಓಮಿನ ಎರಡನ್ನು ಸಮಾಂತರ ಜೋಡಿಸಿ. ಐಸಿಗೆ ಸಣ್ಣ ಹೀಟ್‌ಸಿಂಕ್ ಬೇಕು. ಮಲ್ಟಿಮೀಟರನ್ನು ಸರಣಿಯಲ್ಲಿಟ್ಟು ನಿಜವಾದ ಕರೆಂಟ್ ಬರೆದುಕೊಳ್ಳಿ, ಫ್ಯಾರಡೆ ಲೆಕ್ಕಕ್ಕೆ ಅದೇ ಬೇಕಲ್ಲ. ಸ್ಟಿರರ್ ಮಾತ್ರ ಯುಪಿಎಸ್ ಮೇಲಿರಲಿ, ಅದು ನಿಂತರೆ ಮಾಲಿಬ್ಡಿನಂ ಪ್ರಮಾಣ ಇಳಿಯುತ್ತದೆ.

ಕಾಳಿ_ಸಂಗಮ

ಸಮುದ್ರದ ನೀರಿನ ಬಗ್ಗೆ ನನ್ನ ಅಭಿಪ್ರಾಯ: ಬೇಡ. ಗೈಡ್‌ಗೆ ಅಂಕಿ ಸಮೇತ ತೋರಿಸಿ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅದರಲ್ಲಿ ಕ್ಲೋರೈಡ್ 19, ಮೆಗ್ನೀಸಿಯಂ 1.3, ಕ್ಯಾಲ್ಸಿಯಂ 0.4. ಕ್ಷಾರ ಹಾಕಿದೊಡನೆ ಲೀಟರಿಗೆ 3 ಗ್ರಾಂ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬಿಳಿ ಗಂಜಿಯಂತೆ ಕೂರುತ್ತದೆ. ಕ್ಷಾರ ಹಾಕದಿದ್ದರೂ ಕ್ಯಾಥೋಡಿನ ಮೇಲ್ಮೈಯಲ್ಲಿ ಪಿಎಚ್ ಏರುವುದರಿಂದ ಅದೇ ಗಂಜಿ ನೇರ ಲೇಪದ ಮೇಲೆ ಗಟ್ಟಿಯಾಗಿ ಕಟ್ಟುತ್ತದೆ, ಕೆಲವೇ ಗಂಟೆಗಳಲ್ಲಿ ಕ್ಯಾಥೋಡ್ ಮುಚ್ಚಿಹೋಗುತ್ತದೆ. ಆನೋಡಿನ ಕಡೆ ಕ್ಲೋರೈಡ್ ಹೈಪೋಕ್ಲೋರೈಟ್ ಆಗುತ್ತದೆ. ಕ್ಷಾರದಲ್ಲಿ ಆಮ್ಲಜನಕ ಬಿಡಿಸುವುದಕ್ಕೂ ಹೈಪೋಕ್ಲೋರೈಟಿಗೂ ನಡುವೆ ಇರುವ ಅಂತರ 0.48-0.49 ವೋಲ್ಟ್. ಆನೋಡಿನ ಓವರ್‌ಪೊಟೆನ್ಶಿಯಲ್ ಅದರೊಳಗೆ ನಿಂತರೆ ಮಾತ್ರ ಬಚಾವು. ಮೀರಿದೆಯೇ ಎಂದು ನೋಡಲು ಆನೋಡ್ ಪಕ್ಕದ ನೀರು ಸ್ವಲ್ಪ ತೆಗೆದು ಆಮ್ಲ ಬೆರೆಸಿ, ಪೊಟ್ಯಾಸಿಯಂ ಅಯೋಡೈಡ್-ಗಂಜಿ ಕಾಗದ ಅದ್ದಿ. ನೀಲಿ ಬಂದರೆ ಕ್ಲೋರಿನ್ ಹುಟ್ಟುತ್ತಿದೆ. ಇದು ಹುಡ್ ಒಳಗೇ ಆಗಬೇಕು. ಇದರ ಮೇಲೆ ಕಾಳಿ ಸೇರುವ ಜಾಗದಲ್ಲಿ ಮಳೆಗಾಲದ ಉಪ್ಪಿನಂಶ ಬೇಸಿಗೆಯದರ ಹತ್ತಿರಕ್ಕೂ ಬರುವುದಿಲ್ಲ. ಜೂನ್‌ನಲ್ಲಿ ತುಂಬಿದ ಕ್ಯಾನಿಗೂ ಫೆಬ್ರವರಿಯಲ್ಲಿ ತುಂಬಿದ್ದಕ್ಕೂ ಹೋಲಿಕೆಯೇ ಇಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಉಳಿಸುವುದೆಷ್ಟು? ಒಂದು ಕಿಲೋ ಹೈಡ್ರೋಜನ್‌ಗೆ ಒಡೆಯುವ ನೀರು 9 ಲೀಟರ್. ಆರ್‌ಒ ಮೂಲಕ ಸಮುದ್ರದ ನೀರು ಸಿಹಿ ಮಾಡಲು ಸಾವಿರ ಲೀಟರಿಗೆ 3ರಿಂದ 4 ಯುನಿಟ್. ಒಂಬತ್ತು ಲೀಟರಿಗೆ 0.03 ಯುನಿಟ್ ಆಸುಪಾಸು. ಅದೇ ಕಿಲೋ ಹೈಡ್ರೋಜನ್‌ಗೆ 1.8 ವೋಲ್ಟಿನಲ್ಲಿ ಎಲೆಕ್ಟ್ರೋಲೈಸರ್ ತಿನ್ನುವುದು 48 ಯುನಿಟ್. ನೀರು ಶುದ್ಧ ಮಾಡುವ ಖರ್ಚು ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ತೋರಿಸಲೇಬೇಕು ಎಂದು ಹಟ ಹಿಡಿದರೆ ಹೀಗೆ ಮಾಡಿ: ನೀರಿಗೆ ಲೀಟರಿಗೆ 66 ಗ್ರಾಂ ಗುಳಿಗೆ ಹಾಕಿ, ಮುಚ್ಚಿಟ್ಟು ಒಂದು ದಿನ ಬಿಡಿ, ಮೇಲಿನ ತಿಳಿಯನ್ನು ಗಾಜಿನ ನಾರಿನ ಸೋಸುಕಾಗದದಲ್ಲಿ ಸೋಸಿ (ಸಾಮಾನ್ಯ ಕಾಗದ ಕ್ಷಾರಕ್ಕೆ ತಾಳುವುದಿಲ್ಲ), ಟೈಟ್ರೇಟ್ ಮಾಡಿ ಕ್ಷಾರ ಎಷ್ಟು ಉಳಿದಿದೆ ನೋಡಿ. ಮೆಗ್ನೀಸಿಯಂ ಸಾಕಷ್ಟು ಕ್ಷಾರ ತಿಂದಿರುತ್ತದೆ, ಮತ್ತೆ 1 ಮೋಲಾರಿಗೆ ತನ್ನಿ. ಹೋಲಿಕೆಗೆ ಶುದ್ಧ ಕ್ಷಾರಕ್ಕೆ ಲೀಟರಿಗೆ 30 ಗ್ರಾಂ ಉಪ್ಪು ಹಾಕಿದ್ದು ಒಂದು, ಉಪ್ಪಿಲ್ಲದ್ದು ಒಂದು ಇಡಿ. ಮೂರರಲ್ಲೂ 30-10 ನಿಮಿಷದ ಅದೇ 20 ಸುತ್ತು. ಉಪ್ಪಿನ ದ್ರಾವಣದಲ್ಲಿ ನಿಂತಾಗಲೆಲ್ಲ ಲೇಪದ ಬಿರುಕಿನೊಳಗಿಂದ ಕ್ಲೋರೈಡ್ ಕೆಳಗಿನ ತಾಮ್ರವನ್ನು ಮುಟ್ಟುತ್ತದೆ, ಆದ್ದರಿಂದ ಈ ಪರೀಕ್ಷೆಗೆ ತಾಮ್ರದ ಪಟ್ಟಿ ಬೇಡ, ನಿಕ್ಕಲ್ ಹಾಳೆಯ ಮೇಲೆ ಲೇಪ ಮಾಡಿ.

100 ಮಿಲಿಆಂಪ್ ಒಂದು ಗಂಟೆ ಹರಿದರೆ ಬರುವ ಹೈಡ್ರೋಜನ್ 46 ಮಿ.ಲೀ. ಕಿಟಕಿ ತೆಗೆದ ಕೋಣೆಯಲ್ಲಿ ಅಪಾಯವಿಲ್ಲ. ಸೆಲ್ಲನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ರಾತ್ರಿಯಿಡೀ ಓಡಿಸಬೇಡಿ, ಗಾಳಿಯಲ್ಲಿ ಶೇ. 4 ದಾಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ.